ಪಿಟಿಪಿ1ಬಿ ಬೆಂಚಿನ ಮೇಲೆ: ಒಂದು ಸಿಸ್ಟೀನನ್ನು ಕಾಯುವ ಕೆಲಸ

ಜೀವಕೋಶದ ಸಂಕೇತ ವ್ಯವಸ್ಥೆಯಲ್ಲಿ ಕೈನೇಸ್ ಫಾಸ್ಫೇಟ್ ಅಂಟಿಸುತ್ತದೆ, ಫಾಸ್ಫಟೇಸ್ ಅದನ್ನು ಕೀಳುತ್ತದೆ. ಕೈನೇಸ್‌ಗಳನ್ನು ತಡೆಯುವ ರಾಸಾಯನಿಕಗಳಿಗೆ ಬರವಿಲ್ಲ. 2001ರಲ್ಲಿ ಇಮಾಟಿನಿಬ್ ಔಷಧವಾಗಿ ಬಂದ ಮೇಲಂತೂ ಅವು ಸಾಲುಗಟ್ಟಿ ಬಂದಿವೆ. ಪ್ರೋಟೀನಿನ ಟೈರೋಸಿನ್ ಮೇಲಿನ ಫಾಸ್ಫೇಟ್ ಕೀಳುವ ಟೈರೋಸಿನ್ ಫಾಸ್ಫಟೇಸ್‌ಗಳ (ಪಿಟಿಪಿ) ಮಟ್ಟಿಗೆ ಹಾಗಿಲ್ಲ. ಎಸ್‌ಹೆಚ್‌ಪಿ2 ಕಿಣ್ವವನ್ನು ಪಕ್ಕದ ಜಾಗದಿಂದ ಹಿಡಿದು ಮುಚ್ಚಿಹಾಕುವ ಎಸ್‌ಹೆಚ್‌ಪಿ099 ಬಂದದ್ದು 2016ರಲ್ಲಿ. ಅದಕ್ಕೂ ಮುಂಚೆ ಪ್ರಕಟವಾದ ಎಷ್ಟೋ ‘ಇನ್‌ಹಿಬಿಟರ್’ಗಳು (ಕಿಣ್ವ ತಡೆಯುವ ಸಂಯುಕ್ತಗಳು) ಕಿಣ್ವವನ್ನು ಹಿಡಿಯುತ್ತಿರಲಿಲ್ಲ, ಅದರ ಸಿಸ್ಟೀನನ್ನು, ಅಂದರೆ ಗಂಧಕವಿರುವ ಅಮೈನೋ ಆಮ್ಲವನ್ನು, ಸುಡುತ್ತಿದ್ದವು.

ಈ ಕುಟುಂಬದ ಎಲ್ಲ ತೊಂದರೆಗಳೂ ಒಂದೇ ಗಂಧಕದ ಪರಮಾಣುವಿನಲ್ಲಿ ಬಂದು ಸೇರುತ್ತವೆ. ಇದೇ ಕುಟುಂಬದ ಪಿಟಿಪಿ1ಬಿ ಕಿಣ್ವದಲ್ಲಿ ಅದು 215ನೇ ಸ್ಥಾನದ ಸಿಸ್ಟೀನ್. ಸಾಮಾನ್ಯ ಸಿಸ್ಟೀನಿನ ಪಿಕೆಎ (ಅರ್ಧ ಅಣುಗಳು ಪ್ರೋಟಾನ್ ಕಳೆದುಕೊಳ್ಳುವ ಪಿಹೆಚ್) ಎಂಟರ ಮೇಲಿರುತ್ತದೆ. ಇದರದ್ದು ಸುಮಾರು 5.4. ಹಾಗಾಗಿ ಕೋಶದ ಪಿಹೆಚ್‌ನಲ್ಲಿ ಇದು ಋಣ ವಿದ್ಯುದಂಶ ಹೊತ್ತ ಥಯೋಲೇಟ್ ಆಗಿಯೇ ಕಾದು ಕೂತಿರುತ್ತದೆ. ಫಾಸ್ಫೇಟನ್ನು ಕೀಳಲು ಬೇಕಾದ ಶಕ್ತಿ ಬರುವುದು ಇಲ್ಲಿಂದಲೇ, ಹೈಡ್ರೋಜನ್ ಪೆರಾಕ್ಸೈಡ್‌ಗೆ ಸುಲಭವಾಗಿ ಬಲಿಯಾಗುವುದೂ ಇದರಿಂದಲೇ. ಕೆಳಗೆ ಬರೆದಿರುವುದು ಪಿಟಿಪಿ1ಬಿಯನ್ನು ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಚಟುವಟಿಕೆ ಅಳೆಯುವ ಪರೀಕ್ಷೆ ಕಟ್ಟಿ, ಸಂಯುಕ್ತಗಳನ್ನು ಸೋಸಿ, ಕೊನೆಗೆ ಡಿ181ಎ ‘ಬಲೆ’ಯಿಂದ (ಒಂದು ಅಮೈನೋ ಆಮ್ಲ ಬದಲಿಸಿದ ಅದೇ ಕಿಣ್ವ) ಅದರ ಗುರಿ ಪ್ರೋಟೀನ್‌ಗಳನ್ನು ಹಿಡಿಯುವವರೆಗಿನ ಕ್ರಮ. ಪ್ರತಿ ಹಂತದಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಸಿಸ್ಟೀನ್ ಈಗ ಯಾವ ಸ್ಥಿತಿಯಲ್ಲಿದೆ?

ಪ್ರೋಟೀನ್

ಪಿಟಿಪಿ1ಬಿಯನ್ನು ಮೊದಲು ಶುದ್ಧೀಕರಿಸಿದ್ದು ಮಾನವ ಜರಾಯುವಿನಿಂದ, ಅಂದರೆ ಪ್ಲಾಸೆಂಟಾದಿಂದ. ನಿಕೊಲಸ್ ಟಾಂಕ್ಸ್, ಕರ್ಟಿಸ್ ಡಿಲ್ಟ್ಸ್, ಎಡ್ಮಂಡ್ ಫಿಷರ್ ಅದನ್ನು 1988ರಲ್ಲಿ ಪ್ರಕಟಿಸಿದರು. ಪೂರ್ಣ ಪ್ರೋಟೀನಿನಲ್ಲಿ 435 ಅಮೈನೋ ಆಮ್ಲಗಳಿವೆ. ಕೊನೆಯ ಮೂವತ್ತೈದರಷ್ಟು ನೀರಿಗೆ ಹೇಸುವ ಬಾಲ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಪೊರೆಗೆ ಕಿಣ್ವವನ್ನು ಕಟ್ಟಿಹಾಕುವುದು ಅದೇ. ಆ ಬಾಲ ಇಟ್ಟುಕೊಂಡರೆ ಬ್ಯಾಕ್ಟೀರಿಯಾದಲ್ಲಿ ಪ್ರೋಟೀನ್ ಗಡ್ಡೆಕಟ್ಟುತ್ತದೆ. 1ರಿಂದ 321ರವರೆಗಿನ ತುಂಡು ಸಾಕು, ತೂಕ ಸುಮಾರು 37 ಕಿಲೋಡಾಲ್ಟನ್. ಸ್ಫಟಿಕ ಬೆಳೆಸುವವರು 298ಕ್ಕೇ ನಿಲ್ಲಿಸುತ್ತಾರೆ. ಆದರೆ ಕೊನೆಯ ಏಳನೇ ಹೆಲಿಕ್ಸ್ ಹತ್ತಿರ ಕೂರುವ ಆಲೋಸ್ಟೆರಿಕ್ (ಮುಖ್ಯ ಗುಳಿಯ ಹೊರಗಿನಿಂದ ತಡೆಯುವ) ಸಂಯುಕ್ತಗಳನ್ನು ಹುಡುಕುವುದಿದ್ದರೆ 298 ಬೇಡ, 321 ಇಟ್ಟುಕೊಳ್ಳಿ.

ಪಿಇಟಿ ವೆಕ್ಟರ್, ಎನ್ ತುದಿಯಲ್ಲಿ ಆರು ಹಿಸ್ಟಿಡಿನ್, ಬಿಎಲ್21(ಡಿಇ3) ಕೋಶ. ಒಂದು ಲೀಟರ್ ಎಲ್‌ಬಿ, ಕೆನಮೈಸಿನ್ ಮಿಲಿಲೀಟರಿಗೆ 50 ಮೈಕ್ರೋಗ್ರಾಂ. 37 ಡಿಗ್ರಿಯಲ್ಲಿ ಒಡಿ (ದ್ರಾವಣದ ಮಬ್ಬಿನ ಅಳತೆ) 0.6 ಬರುವವರೆಗೆ ಬೆಳೆಸಿ, ಫ್ಲಾಸ್ಕನ್ನು ಐಸ್ ನೀರಲ್ಲಿ ಇಪ್ಪತ್ತು ನಿಮಿಷ ಇಟ್ಟು ತಣಿಸಿ, ಆಮೇಲೆ ಪ್ರೋಟೀನ್ ತಯಾರಿಕೆ ಶುರು ಮಾಡಿಸುವ ಐಪಿಟಿಜಿ 0.2 ಮಿಲಿಮೋಲಾರ್ ಹಾಕಿ 18 ಡಿಗ್ರಿಯಲ್ಲಿ 16 ಗಂಟೆ ಕುಲುಕಬೇಕು. ತಣಿಸುವ ಆ ಇಪ್ಪತ್ತು ನಿಮಿಷವನ್ನು ಉಳಿಸಲು ಹೋಗಿ ಬಿಸಿ ಫ್ಲಾಸ್ಕಿಗೇ ಐಪಿಟಿಜಿ ಸುರಿದರೆ ಮೊದಲ ಗಂಟೆಯಲ್ಲಿ ತಯಾರಾದ ಪ್ರೋಟೀನ್ ಕರಗದ ಭಾಗಕ್ಕೆ ಹೋಗುತ್ತದೆ.

ಕೋಶ ಒಡೆಯುವ ಬಫರ್: ಟ್ರಿಸ್ 50 ಮಿಲಿಮೋಲಾರ್ ಪಿಹೆಚ್ 8.0, ಉಪ್ಪು 300 ಮಿಲಿಮೋಲಾರ್, ಇಮಿಡಜೋಲ್ 10 ಮಿಲಿಮೋಲಾರ್, ಗ್ಲಿಸರಾಲ್ 10%, ಬೀಟಾ-ಮರ್ಕ್ಯಾಪ್ಟೋಎಥನಾಲ್ 5 ಮಿಲಿಮೋಲಾರ್. ಸಿಸ್ಟೀನನ್ನು ಆಕ್ಸಿಡೀಕರಣದಿಂದ ಕಾಯುವ ಅಪಕರ್ಷಕ ಡಿಟಿಟಿಯನ್ನು ಇಲ್ಲಿ ಹಾಕಬೇಡಿ. ಅದು ಹಿಸ್ಟಿಡಿನ್‌ಗಳನ್ನು ಹಿಡಿಯುವ ನಿಕಲ್ ರೆಸಿನನ್ನು ಅಪಕರ್ಷಿಸಿ ಕಂದು ಮಾಡಿಬಿಡುತ್ತದೆ. ಲೋಹ ಹಿಡಿಯುವ ಇಡಿಟಿಎ ಹಾಕಿದರೆ ನಿಕಲ್ಲೇ ಕಿತ್ತು ಬರುತ್ತದೆ. ಸೋನಿಕೇಟರ್ 5 ಸೆಕೆಂಡ್ ಓಡಿಸಿ 10 ಸೆಕೆಂಡ್ ನಿಲ್ಲಿಸುತ್ತ, ಐಸ್ ಮೇಲೆ ಒಟ್ಟು ಐದು ನಿಮಿಷ. ನೊರೆ ಎದ್ದರೆ ತುದಿ ತೀರಾ ಮೇಲಿದೆ ಎಂದರ್ಥ. 20,000 ಜಿಯಲ್ಲಿ ಅರ್ಧ ಗಂಟೆ ತಿರುಗಿಸಿ, ತಿಳಿಯನ್ನು ಎರಡು ಮಿಲಿಲೀಟರ್ ನಿಕಲ್ ರೆಸಿನ್ ಮೇಲೆ ಹಾಯಿಸಿ, 30 ಮಿಲಿಮೋಲಾರ್ ಇಮಿಡಜೋಲಿನಲ್ಲಿ ತೊಳೆದು, 250ರಲ್ಲಿ ಇಳಿಸಿಕೊಳ್ಳಬೇಕು.

ಇಳಿದ ಕೂಡಲೇ ಡಿಟಿಟಿ 2 ಮಿಲಿಮೋಲಾರ್, ಇಡಿಟಿಎ 1 ಮಿಲಿಮೋಲಾರ್ ಸೇರಿಸಿ. ಸೋರಿಬಂದ ನಿಕಲ್, ಅದರ ಜೊತೆ ಗಾಳಿಯ ಆಮ್ಲಜನಕ, ಇವೆರಡೂ ಸಿಸ್ಟೀನಿಗೆ ಶತ್ರುಗಳು. ಆಮೇಲೆ ಸೂಪರ್‌ಡೆಕ್ಸ್ 75 ಕಾಲಮ್: ಹೆಪಿಸ್ 25 ಮಿಲಿಮೋಲಾರ್ ಪಿಹೆಚ್ 7.0, ಉಪ್ಪು 150, ಇಡಿಟಿಎ 1, ಡಿಟಿಟಿ 2. ಸಾಂದ್ರತೆಯನ್ನು 280 ನ್ಯಾನೋಮೀಟರಿನಲ್ಲಿ ನೋಡುವಾಗ ಒಂದು ಎಚ್ಚರಿಕೆ. ಇಮಿಡಜೋಲ್ ಇಲ್ಲಿ ಬೆಳಕು ಹೀರುತ್ತದೆ, ಆಕ್ಸಿಡೀಕರಣಗೊಂಡ ಡಿಟಿಟಿಯೂ ಹೀರುತ್ತದೆ. ಬ್ಲ್ಯಾಂಕ್ ಆಗಿ ನೀರು ಇಟ್ಟರೆ ಪ್ರೋಟೀನ್ ಇರುವುದಕ್ಕಿಂತ ಹೆಚ್ಚು ಕಾಣಿಸುತ್ತದೆ. ಕಾಲಮಿನಿಂದ ಅದೇ ದಿನ ಹೊರಬಂದ ಬಫರನ್ನೇ ಬ್ಲ್ಯಾಂಕ್ ಮಾಡಿಕೊಳ್ಳಿ.

ಗ್ಲಿಸರಾಲ್ 20% ಸೇರಿಸಿ, 10 ಮೈಕ್ರೋಮೋಲಾರಿಗೆ ತಂದು, 20 ಮೈಕ್ರೋಲೀಟರಿನ ತುಂಡುಗಳಾಗಿ ದ್ರವ ಸಾರಜನಕದಲ್ಲಿ ಮುಳುಗಿಸಿ −80ರಲ್ಲಿಡಿ. ಒಂದು ತುಂಡು ಒಂದು ಬಾರಿಗೆ ಮಾತ್ರ. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸುವುದು ಬೇಡ. ದುಂದು ಅನ್ನಿಸಬಹುದು. ಆದರೆ ಲೆಕ್ಕ ಹಾಕಿ ನೋಡಿ: ಪರೀಕ್ಷಾ ತಟ್ಟೆಯ ನೂರು ಮೈಕ್ರೋಲೀಟರಿನ ಒಂದು ಬಾವಿಯಲ್ಲಿ (ವೆಲ್) 10 ನ್ಯಾನೋಮೋಲಾರ್ ಕಿಣ್ವ ಎಂದರೆ 37 ನ್ಯಾನೋಗ್ರಾಂ. ಒಂದು ಮಿಲಿಗ್ರಾಂ ಪ್ರೋಟೀನ್ ಇಪ್ಪತ್ತೇಳು ಸಾವಿರ ಬಾವಿಗಳಿಗೆ ಸಾಕು.

ಹಳದಿ ಬಣ್ಣದ ಪರೀಕ್ಷೆ

ಮೊದಲು ಅಗ್ಗದ ಪಿಎನ್‌ಪಿಪಿಯಿಂದ (ಪ್ಯಾರಾ-ನೈಟ್ರೋಫಿನೈಲ್ ಫಾಸ್ಫೇಟ್) ಶುರು ಮಾಡುವುದು ಒಳ್ಳೆಯದು. ಕಿಣ್ವ ಅದರ ಫಾಸ್ಫೇಟ್ ಕಿತ್ತರೆ ಪ್ಯಾರಾ-ನೈಟ್ರೋಫಿನಾಲ್ ಉಳಿಯುತ್ತದೆ, ಕ್ಷಾರದಲ್ಲಿ ಅದು ಅರಿಶಿನದ ಬಣ್ಣ. ಡೈಸೋಡಿಯಂ ಹೆಕ್ಸಾಹೈಡ್ರೇಟ್ ಲವಣದ ಅಣುತೂಕ 371.14, 742 ಮಿಲಿಗ್ರಾಂ ತೂಗಿ ಹತ್ತು ಮಿಲಿಲೀಟರ್ ನೀರಿಗೆ ಹಾಕಿದರೆ 200 ಮಿಲಿಮೋಲಾರ್. ತಾಜಾ ದ್ರಾವಣಕ್ಕೆ ಬಣ್ಣವೇ ಇರಬಾರದು. ಹಳದಿ ಛಾಯೆ ಕಂಡರೆ ತಾನಾಗಿ ಒಡೆದಿದೆ, ಚೆಲ್ಲಿ.

ಪರೀಕ್ಷೆಯ ಬಫರ್: ಹೆಪಿಸ್ 50 ಮಿಲಿಮೋಲಾರ್ ಪಿಹೆಚ್ 7.0, ಉಪ್ಪು 100 ಮಿಲಿಮೋಲಾರ್, ಟ್ರೈಟಾನ್ ಎಕ್ಸ್-100 0.01%, ಡಿಟಿಟಿ 1 ಮಿಲಿಮೋಲಾರ್. ಡಿಟಿಟಿಯನ್ನು ಆ ದಿನವೇ ತೂಗಿ ಸೇರಿಸಬೇಕು. ಕೋಣೆಯ ಉಷ್ಣತೆಯಲ್ಲಿ ಪಿಹೆಚ್ 6.5ರಲ್ಲಿ ಅದರ ಅರ್ಧಾಯುಷ್ಯ ನಲವತ್ತು ಗಂಟೆಯಷ್ಟು, 7.5ರಲ್ಲಿ ಹತ್ತು ಗಂಟೆ, 8.5ಕ್ಕೆ ಹೋದರೆ ಒಂದೂವರೆ ಗಂಟೆಯೂ ಇಲ್ಲ. ಹೋದ ವಾರದ ಬಾಟಲಿಯಲ್ಲಿ ಡಿಟಿಟಿ ಇದೆ ಎಂಬುದು ಲೇಬಲ್ಲಿನ ಮಾತಷ್ಟೇ. ಪಿಬಿಎಸ್ ಮಾತ್ರ ಯಾವ ಕಾರಣಕ್ಕೂ ಬಳಸಬೇಡಿ: ಫಾಸ್ಫೇಟ್ ಈ ಕಿಣ್ವದ ಉತ್ಪನ್ನ, ದುರ್ಬಲವಾದರೂ ಅದೇ ಗುಳಿಯಲ್ಲಿ ಕೂರುವ ಇನ್‌ಹಿಬಿಟರ್.

ಬಾವಿಗೆ 20 ನ್ಯಾನೋಮೋಲಾರ್ ಕಿಣ್ವ 50 ಮೈಕ್ರೋಲೀಟರ್, ಡಿಎಂಎಸ್‌ಒ ದ್ರಾವಕದಲ್ಲಿ ನೂರುಪಟ್ಟು ಗಟ್ಟಿಯಾದ ಸಂಯುಕ್ತ 1 ಮೈಕ್ರೋಲೀಟರ್; 15 ನಿಮಿಷ ಕಾದು, 4 ಮಿಲಿಮೋಲಾರ್ ಪಿಎನ್‌ಪಿಪಿ 50 ಮೈಕ್ರೋಲೀಟರ್. 25 ಡಿಗ್ರಿಯಲ್ಲಿ ಹತ್ತು ನಿಮಿಷ. ನಿಲ್ಲಿಸಲು 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 100 ಮೈಕ್ರೋಲೀಟರ್. ಓದುವುದು 405 ನ್ಯಾನೋಮೀಟರಿನಲ್ಲಿ.

ನಿಲ್ಲಿಸದೆ ಹಾಗೇ ಓದಬಹುದಲ್ಲ ಅನ್ನಿಸುತ್ತದೆ. ನೈಟ್ರೋಫಿನಾಲಿನ ಪಿಕೆಎ ಸುಮಾರು 7.15, ಪಿಹೆಚ್ 7.0ರಲ್ಲಿ ಅದರಲ್ಲಿ ನೂರಕ್ಕೆ 41 ಮಾತ್ರ ಹಳದಿ, 6.5ರಲ್ಲಿ 18 ಮಾತ್ರ. ಬಫರಿನ ಪಿಹೆಚ್ ಬಾವಿಯಿಂದ ಬಾವಿಗೆ ಚೂರು ಅಲುಗಿದರೂ, ಉದಾಹರಣೆಗೆ ಆಮ್ಲೀಯ ಸಂಯುಕ್ತ ಹಾಕಿದಾಗ, ಬಣ್ಣ ಇಳಿಯುತ್ತದೆ. ಅದು ಇನ್‌ಹಿಬಿಷನ್ನಿನಂತೆಯೇ ಕಾಣುತ್ತದೆ. ಕ್ಷಾರ ಹಾಕಿದ ಮೇಲೆ ಎಲ್ಲ ಬಾವಿಗಳೂ ಒಂದೇ ಅಳತೆಗೋಲಿನಲ್ಲಿ ನಿಲ್ಲುತ್ತವೆ. ಆಗ ಮೋಲಾರ್ ಹೀರಿಕೆ 18,000 ಎಂದು ಲೆಕ್ಕ ಹಿಡಿಯಬಹುದು.

ಎಷ್ಟು ಓದಿಕೆ ಬರಬೇಕು ಎಂಬ ಅಂದಾಜು ಮೊದಲೇ ಇರಲಿ. ಪಿಎನ್‌ಪಿಪಿಗೆ ಕೆಎಂ (ಕಿಣ್ವ ಗರಿಷ್ಠ ವೇಗದ ಅರ್ಧ ತಲುಪುವ ಸಾಂದ್ರತೆ) ಒಂದೆರಡು ಮಿಲಿಮೋಲಾರ್. ಕಿಣ್ವದ ಪ್ರತಿ ಅಣು ಸೆಕೆಂಡಿಗೆ ಹತ್ತು ಬಾರಿ ತಿರುಗುತ್ತದೆ ಎಂದಿಟ್ಟುಕೊಳ್ಳಿ: 10 ನ್ಯಾನೋಮೋಲಾರ್ ಕಿಣ್ವ ನಿಮಿಷಕ್ಕೆ 6 ಮೈಕ್ರೋಮೋಲಾರ್ ಉತ್ಪನ್ನ ಕೊಡುತ್ತದೆ, ಹತ್ತು ನಿಮಿಷಕ್ಕೆ 60. ಕ್ಷಾರ ಸೇರಿ ಅದು ಅರ್ಧಕ್ಕೆ ತೆಳುವಾಗುತ್ತದೆ, 200 ಮೈಕ್ರೋಲೀಟರಿನ ಬಾವಿಯಲ್ಲಿ ಬೆಳಕಿನ ಹಾದಿ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು. ಓದಿಕೆ 0.3ರ ಹತ್ತಿರ ಬರುತ್ತದೆ. ಖರ್ಚಾದ ಪಿಎನ್‌ಪಿಪಿ ಶೇಕಡ 3, ಹಾಗಾಗಿ ರೇಖೆ ಬಾಗುವುದಿಲ್ಲ. ನಿಮ್ಮ ತಟ್ಟೆಯಲ್ಲಿ 0.03 ಬಂದರೆ ಹೊಸ ಸಂಯುಕ್ತಗಳನ್ನು ಹಾಕುವ ಮೊದಲು ಕಿಣ್ವವನ್ನೇ ಅನುಮಾನಿಸಿ. ತಾಜಾ ಡಿಟಿಟಿ 10 ಮಿಲಿಮೋಲಾರ್ ಸೇರಿಸಿ ಅರ್ಧ ಗಂಟೆ ಐಸ್ ಮೇಲಿಟ್ಟು ಮತ್ತೆ ಅಳೆಯಿರಿ. ಚಟುವಟಿಕೆ ವಾಪಸು ಬಂದರೆ ಸಿಸ್ಟೀನ್ ಸಲ್ಫೀನಿಕ್ ಆಮ್ಲದ ಹಂತ ತಲುಪಿರಲಿಲ್ಲ. ಬರದಿದ್ದರೆ ಆ ತಯಾರಿಕೆ ಮುಗಿಯಿತು, ಹೊಸದನ್ನೇ ಮಾಡಬೇಕು.

ವನಾಡೇಟ್: ಕುದಿಸಿ, ತಣಿಸಿ, ಮತ್ತೆ ಕುದಿಸಿ

ಹೋಲಿಕೆಗೆ ಗೊತ್ತಿರುವ ಇನ್‌ಹಿಬಿಟರ್ ಒಂದು ಬೇಕು. ಸೋಡಿಯಂ ಆರ್ಥೋವನಾಡೇಟ್ ಆ ಕೆಲಸಕ್ಕೆ ಸರಿ. ಫಾಸ್ಫೇಟಿನ ಆಕಾರದಲ್ಲೇ ಬಂದು ಗುಳಿಯಲ್ಲಿ ಕೂರುತ್ತದೆ, ಪಿಟಿಪಿ1ಬಿಗೆ ಅದರ ಕೆಐ (ಹಿಡಿತದ ಅಳತೆ, ಕಡಿಮೆಯಾದಷ್ಟೂ ಬಿಗಿ) ಒಂದು ಮೈಕ್ರೋಮೋಲಾರಿಗಿಂತ ಕಡಿಮೆ. ಆದರೆ ಈ ದ್ರಾವಣದಷ್ಟು ಅಸಡ್ಡೆಯಿಂದ ತಯಾರಾಗುವ ದ್ರಾವಣ ಲ್ಯಾಬಿನಲ್ಲಿ ಇನ್ನೊಂದಿಲ್ಲ.

3.68 ಗ್ರಾಂ ತೂಗಿ 90 ಮಿಲಿಲೀಟರ್ ನೀರಿನಲ್ಲಿ ಕದಡಿ. ದ್ರಾವಣ ತೀರಾ ಕ್ಷಾರೀಯ. ಹೈಡ್ರೋಕ್ಲೋರಿಕ್ ಆಮ್ಲವನ್ನು ತೊಟ್ಟು ತೊಟ್ಟಾಗಿ ಬಿಟ್ಟು ಪಿಹೆಚ್ 10ಕ್ಕೆ ತನ್ನಿ. ತೊಟ್ಟು ಬಿದ್ದ ಜಾಗದಲ್ಲಿ ಕಿತ್ತಳೆ ಬಣ್ಣ ಎದ್ದು ಹರಡುತ್ತದೆ, ಇಡೀ ಬೀಕರ್ ಹಳದಿಯಾಗುತ್ತದೆ. ಆ ಬಣ್ಣ ಡೆಕಾವನಾಡೇಟಿನದು: ಹತ್ತು ವನಾಡಿಯಂ ಒಟ್ಟುಗೂಡಿದ ಗೊಂಚಲು. ಅಂದರೆ ನೀವು ತೂಗಿದ ವನಾಡಿಯಂನಲ್ಲಿ ಒಂದು ಪಾಲು ಈಗ ಫಾಸ್ಫೇಟಿನಂತೆ ವರ್ತಿಸುತ್ತಿಲ್ಲ. ಬಣ್ಣ ಪೂರ್ತಿ ಹೋಗುವವರೆಗೆ ಕುದಿಸಿ, ಕೋಣೆಯ ಉಷ್ಣತೆಗೆ ತಣಿಸಿ, ಪಿಹೆಚ್ ನೋಡಿ. ಅದು ಏರಿರುತ್ತದೆ. ಮತ್ತೆ ಆಮ್ಲ, ಮತ್ತೆ ಹಳದಿ, ಮತ್ತೆ ಕುದಿ. ತಣ್ಣಗಾದ ಮೇಲೂ ಬಣ್ಣವಿಲ್ಲದೆ, ಪಿಹೆಚ್ 10ರಲ್ಲೇ ನಿಂತಾಗ 100 ಮಿಲಿಲೀಟರಿಗೆ ತುಂಬಿಸಿ. 200 ಮಿಲಿಮೋಲಾರ್ ಸಿದ್ಧ. ಮೂರು ಸುತ್ತು ಬೇಕಾಗುವುದು ಮಾಮೂಲು. ಬಿಸಿಯಿದ್ದಾಗಲೇ ಪಿಹೆಚ್ ನೋಡಿ ಮುಗಿಸುವವರ ಬಾಟಲಿ ಮರುದಿನ ಹಳದಿಯಾಗಿರುತ್ತದೆ.

ತುಂಡು ಮಾಡಿ −20ರಲ್ಲಿಡಿ. ಪರೀಕ್ಷೆಯಲ್ಲಿ ಪಿಎನ್‌ಪಿಪಿ ಕೆಎಂನಷ್ಟೇ ಇದ್ದರೆ ಐಸಿ50 (ಚಟುವಟಿಕೆಯನ್ನು ಅರ್ಧಕ್ಕಿಳಿಸುವ ಸಾಂದ್ರತೆ), ಕೆಐಯ ಎರಡರಷ್ಟು ಬರಬೇಕು. ಅಂದರೆ ವನಾಡೇಟಿಗೆ ಒಂದು ಮೈಕ್ರೋಮೋಲಾರಿನ ಆಸುಪಾಸು. ಹತ್ತೋ ಇಪ್ಪತ್ತೋ ಬಂದರೆ ಕಾರಣ ಹೆಚ್ಚಾಗಿ ಬಫರಿನಲ್ಲಿರುತ್ತದೆ. ಇಡಿಟಿಎ ವನಾಡೇಟನ್ನು ಹಿಡಿದುಬಿಡುತ್ತದೆ. ಡಿಟಿಟಿ ಅದನ್ನು ನಿಧಾನವಾಗಿ ಅಪಕರ್ಷಿಸುತ್ತದೆ. ದ್ರಾವಣಕ್ಕೆ ಹಸಿರು ಅಥವಾ ನೀಲಿ ಛಾಯೆ ಬಂದರೆ ಅದೇ ಗುರುತು. ಟ್ರಿಸ್‌ನಂಥ ಅಮೈನೋ ಆಲ್ಕೋಹಾಲ್ ಬಫರ್‌ಗಳೂ ವನಾಡೇಟಿಗೆ ಅಂಟಿಕೊಳ್ಳುತ್ತವೆ. ಮೇಲೆ ಹೆಪಿಸ್ ಆರಿಸಿದ್ದು, ಇಡಿಟಿಎ ಬಿಟ್ಟಿದ್ದು ಇದಕ್ಕಾಗಿ.

ಇದೇ ದೌರ್ಬಲ್ಯವನ್ನು ಪರೀಕ್ಷೆಗೂ ಬಳಸಿಕೊಳ್ಳಬಹುದು. ವನಾಡೇಟಿನಿಂದ ನಿಂತ ಕಿಣ್ವಕ್ಕೆ ಇಡಿಟಿಎ 5 ಮಿಲಿಮೋಲಾರ್ ಹಾಕಿದರೆ ಚಟುವಟಿಕೆ ಮರಳುತ್ತದೆ. ಮರಳದಿದ್ದರೆ ಬಾಟಲಿಯಲ್ಲಿ ಪೆರಾಕ್ಸೈಡ್ ಸೇರಿ ಪರ್‌ವನಾಡೇಟ್ ಆಗಿರಬೇಕು. ಅದು ಸಿಸ್ಟೀನನ್ನು ಸಲ್ಫೋನಿಕ್ ಆಮ್ಲದವರೆಗೆ ಒಯ್ದುಬಿಡುತ್ತದೆ, ಅಲ್ಲಿಂದ ವಾಪಸು ದಾರಿಯಿಲ್ಲ.

ಸಂಯುಕ್ತಗಳನ್ನು ಸೋಸುವುದು

ಸಂಯುಕ್ತಗಳ ಸಂಖ್ಯೆ ಹೆಚ್ಚಾದಾಗ, ಫಾಸ್ಫೇಟ್ ಕಿತ್ತರೆ ಹೊಳೆಯುವ ಡಿಐಎಫ್‌ಎಂಯುಪಿಗೆ ಹೋಗಬೇಕು. ಇದರ ಉತ್ಪನ್ನದ ಪಿಕೆಎ ಐದಕ್ಕಿಂತ ಕೆಳಗೆ, ಆದ್ದರಿಂದ ಪಿಹೆಚ್ 6.5 ಅಥವಾ 7.0ರಲ್ಲೂ ಪೂರ್ತಿ ಹೊಳೆಯುತ್ತದೆ; ನಿಲ್ಲಿಸದೆ ಪ್ರತಿ ಅರ್ಧ ನಿಮಿಷಕ್ಕೆ ಓದಬಹುದು. ಉತ್ತೇಜನ 358, ಹೊಮ್ಮುವ ಬೆಳಕು 450 ನ್ಯಾನೋಮೀಟರ್. ಡಿಐಎಫ್‌ಎಂಯುಪಿ 10 ಮೈಕ್ರೋಮೋಲಾರ್, ಕಿಣ್ವ 0.2 ನ್ಯಾನೋಮೋಲಾರ್. ಇಷ್ಟು ತೆಳು ಕಿಣ್ವ ಪ್ಲಾಸ್ಟಿಕ್ಕಿಗೇ ಅಂಟಿ ಮಾಯವಾಗುತ್ತದೆ. ಬಿಎಸ್‌ಎ ಮಿಲಿಲೀಟರಿಗೆ 0.1 ಮಿಲಿಗ್ರಾಂ ಸೇರಿಸಿ, ಕಪ್ಪು ಬಣ್ಣದ ಅಂಟದ ತಟ್ಟೆ ಬಳಸಿ. ಕಿಣ್ವ ಕಡಿಮೆ ಇಡುವುದರಿಂದ ಇನ್ನೊಂದು ಅನುಕೂಲ: ಐಸಿ50 ಎಂದೂ ಕಿಣ್ವದ ಸಾಂದ್ರತೆಯ ಅರ್ಧಕ್ಕಿಂತ ಕೆಳಗೆ ಬರಲಾರದು, 10 ನ್ಯಾನೋಮೋಲಾರ್ ಕಿಣ್ವ ಇಟ್ಟುಕೊಂಡು 1 ನ್ಯಾನೋಮೋಲಾರ್ ಇನ್‌ಹಿಬಿಟರ್ ಹುಡುಕುವುದು ಆಗದ ಮಾತು.

ಈಗ ಬಹಳ ಜನ ಎಡವುವ ಜಾಗ. ಐಸಿ50 ವಕ್ರರೇಖೆ ಅಂದವಾಗಿ ಬಂದ ಮಾತ್ರಕ್ಕೆ ಸಂಯುಕ್ತ ಒಳ್ಳೆಯದಲ್ಲ. ಕ್ವಿನೋನ್ ಗುಂಪಿರುವ ಅಣುಗಳು ಡಿಟಿಟಿಯಿಂದ ಇಲೆಕ್ಟ್ರಾನ್ ಪಡೆದು ಆಮ್ಲಜನಕಕ್ಕೆ ಕೊಡುತ್ತವೆ, ಮತ್ತೆ ಡಿಟಿಟಿಯಿಂದ ಪಡೆಯುತ್ತವೆ. ಪ್ರತಿ ಸುತ್ತಿಗೂ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಕಿಣ್ವವನ್ನು ಕಾಪಾಡಲು ಹಾಕಿದ ಡಿಟಿಟಿಯೇ ಅದನ್ನು ಸುಡುವ ಕಟ್ಟಿಗೆ. ಪಿಟಿಪಿಗಳ ಸಿಸ್ಟೀನ್ ಪೆರಾಕ್ಸೈಡ್ ಜೊತೆ ವರ್ತಿಸುವ ವೇಗ ಮೋಲಾರಿಗೆ ಸೆಕೆಂಡಿಗೆ 10ರಿಂದ 20ರಷ್ಟು. 100 ಮೈಕ್ರೋಮೋಲಾರ್ ಪೆರಾಕ್ಸೈಡ್ ಕೂಡಿದರೆ ಆರರಿಂದ ಹನ್ನೆರಡು ನಿಮಿಷದಲ್ಲಿ ಅರ್ಧ ಕಿಣ್ವ ಹೋಗಿರುತ್ತದೆ. ನಮ್ಮ ಹದಿನೈದು ನಿಮಿಷದ ಕಾಯುವಿಕೆ ಅದಕ್ಕೆ ಧಾರಾಳವಾಗಿ ಸಾಕು.

ಹಾಗಾಗಿ ಪ್ರತಿ ‘ಹಿಟ್’ ಅನ್ನೂ, ಅಂದರೆ ಕಿಣ್ವವನ್ನು ತಡೆದಂತೆ ಕಂಡ ಪ್ರತಿ ಸಂಯುಕ್ತವನ್ನೂ, ಒಂದೇ ದಿನ, ಒಂದೇ ತಟ್ಟೆಯಲ್ಲಿ ನಾಲ್ಕು ರೀತಿ ಅಳೆಯಿರಿ: ಡಿಟಿಟಿ 1 ಮಿಲಿಮೋಲಾರ್ ಜೊತೆ, ಡಿಟಿಟಿ ಬದಲು ಗ್ಲುಟಾಥಯೋನ್ 1 ಮಿಲಿಮೋಲಾರ್ ಜೊತೆ, ಡಿಟಿಟಿ ಜೊತೆ ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಮಿಲಿಲೀಟರಿಗೆ 100 ಯೂನಿಟ್ ಸೇರಿಸಿ, ಡಿಟಿಟಿ ಜೊತೆ ಇಡಿಟಿಎ 1 ಮಿಲಿಮೋಲಾರ್ ಸೇರಿಸಿ. ಕ್ಯಾಟಲೇಸ್ ಹಾಕಿದಾಗ ಐಸಿ50 ಹತ್ತು ಪಟ್ಟು ಏರಿದರೆ ಕಿಣ್ವವನ್ನು ನಿಲ್ಲಿಸಿದ್ದು ಪೆರಾಕ್ಸೈಡ್. ಇಡಿಟಿಎ ಹಾಕಿದಾಗ ಏರಿದರೆ ಸಂಯುಕ್ತದ ಪುಡಿಯಲ್ಲಿ ಲೋಹವಿದೆ. ಸತುವಿನ ಅಯಾನ್ ಈ ಕುಟುಂಬವನ್ನು ಬಹಳ ಕಡಿಮೆ ಸಾಂದ್ರತೆಯಲ್ಲೇ ತಡೆಯುತ್ತದೆ. ಸಂಶ್ಲೇಷಣೆಯಲ್ಲಿ ಸತು ಬಳಸಿ ಸರಿಯಾಗಿ ತೊಳೆಯದಿದ್ದ ಸಂಯುಕ್ತ ಅದ್ಭುತ ಇನ್‌ಹಿಬಿಟರಿನಂತೆ ಕಾಣುತ್ತದೆ. ಟ್ರೈಟಾನ್ 0.01%ರಿಂದ 0.1%ಕ್ಕೆ ಏರಿಸಿದಾಗ ಪರಿಣಾಮ ಕುಸಿದರೆ ಅಣುಗಳು ಮುದ್ದೆಕಟ್ಟಿ ಕಿಣ್ವವನ್ನು ಮೈಮೇಲೆ ಹೀರಿಕೊಳ್ಳುತ್ತಿದ್ದವು. ಸಂಯುಕ್ತ ತಾನೇ 450ರಲ್ಲಿ ಹೊಳೆಯುತ್ತದೋ, ಅಥವಾ 358ರ ಬೆಳಕನ್ನು ನುಂಗುತ್ತದೋ ನೋಡಲು ಕಿಣ್ವವಿಲ್ಲದ ಬಾವಿಗೆ 1 ಮೈಕ್ರೋಮೋಲಾರ್ ಸಿದ್ಧ ಡಿಐಎಫ್‌ಎಂಯು ಹಾಕಿ ಒಮ್ಮೆ ಓದಿ.

ಪೆರಾಕ್ಸೈಡನ್ನು ನೇರವಾಗಿ ಕಾಣಬೇಕಿದ್ದರೆ ಕಿಣ್ವವಿಲ್ಲದೆ ಸಂಯುಕ್ತ ಮತ್ತು ಡಿಟಿಟಿಯನ್ನು ಅರ್ಧ ಗಂಟೆ ಬಿಟ್ಟು, ಫಿನಾಲ್ ರೆಡ್ ಮತ್ತು ಹಾರ್ಸ್‌ರ್‍ಯಾಡಿಶ್ ಪೆರಾಕ್ಸಿಡೇಸ್ ಸೇರಿಸಿ, ಕ್ಷಾರ ಹಾಕಿ 610 ನ್ಯಾನೋಮೀಟರಿನಲ್ಲಿ ಓದಬೇಕು. ಅಗ್ಗದ ಪರೀಕ್ಷೆ, ಒಂದೇ ಮಧ್ಯಾಹ್ನ ಸಾಕು. ಇಷ್ಟನ್ನು ಮಾಡದೆ ಪ್ರಕಟವಾದ ಪಿಟಿಪಿ ಇನ್‌ಹಿಬಿಟರ್ ಕಂಡರೆ ಅದನ್ನು ನಿಮ್ಮ ಕೋಶಗಳ ಮೇಲೆ ಸುರಿಯುವ ಮೊದಲು ನೀವೇ ಮಾಡಿಕೊಳ್ಳಿ.

ಉಳಿದ ‘ಹಿಟ್’ಗಳಿಗೆ ಹಿಂತಿರುಗುವ ಪರೀಕ್ಷೆ. ಕಿಣ್ವ 20 ನ್ಯಾನೋಮೋಲಾರ್, ಸಂಯುಕ್ತ ಅದರ ಐಸಿ50ಯ ಹತ್ತರಷ್ಟು, ಅರ್ಧ ಗಂಟೆ ಒಟ್ಟಿಗಿಟ್ಟು ಡಿಐಎಫ್‌ಎಂಯುಪಿ ಇರುವ ಬಫರಿಗೆ ನೂರು ಪಟ್ಟು ತೆಳು ಮಾಡಿ. ಈಗ ಸಂಯುಕ್ತ ಐಸಿ50ಯ ಹತ್ತನೇ ಒಂದು ಪಾಲು; ಸುಮ್ಮನೆ ಕೂತು ಎದ್ದುಹೋಗುವ ಅಣುವಾದರೆ ಚಟುವಟಿಕೆ ಶೇಕಡ 91ರವರೆಗೆ ಮರಳಬೇಕು. ಮರಳದಿದ್ದರೆ ಮಾಸ್ ಸ್ಪೆಕ್ಟ್ರೋಮೀಟರಿಗೆ ಕಳಿಸಿ. ಇಡೀ ಪ್ರೋಟೀನಿನ ತೂಕ 32 ಡಾಲ್ಟನ್ ಏರಿದ್ದರೆ ಸಲ್ಫೀನಿಕ್, 48 ಏರಿದ್ದರೆ ಸಲ್ಫೋನಿಕ್. 2 ಇಳಿದಿದ್ದರೆ ಸಿಸ್ಟೀನ್ ಪಕ್ಕದ ಬೆನ್ನೆಲುಬಿನ ಸಾರಜನಕಕ್ಕೆ ಬೆಸೆದ ಸಲ್ಫೆನೈಲ್-ಅಮೈಡ್ ಇರಬಹುದು; 2003ರಲ್ಲಿ ಸ್ಫಟಿಕ ರಚನೆಯಲ್ಲಿ ಕಂಡ ಇದು ಡಿಟಿಟಿಯಿಂದ ವಾಪಸು ಬರುವ ಸ್ಥಿತಿ, ಕಿಣ್ವ ತನ್ನನ್ನು ಶಾಶ್ವತ ಹಾನಿಯಿಂದ ಉಳಿಸಿಕೊಳ್ಳುವ ಬಗೆ.

ಸಂಯುಕ್ತ ಪಿಟಿಪಿ1ಬಿಯನ್ನಷ್ಟೇ ಹಿಡಿಯುತ್ತದೆಯೇ ಎಂದು ನೋಡುವಾಗ ಮೊದಲ ಎದುರಾಳಿ ಅದರ ಹತ್ತಿರದ ಸಂಬಂಧಿ ಟಿಸಿಪಿಟಿಪಿ, ಅಂದರೆ ಪಿಟಿಪಿಎನ್2. ವೇಗವರ್ಧಕ ಭಾಗದಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಹೋಲಿಕೆ, ಗುಳಿಯಂತೂ ಹೆಚ್ಚುಕಡಿಮೆ ಅದೇ. 1997ರಲ್ಲಿ ಗುಳಿಯ ಪಕ್ಕ ಆರ್ಜಿನಿನ್ 24 ಮತ್ತು 254ರ ನಡುವೆ ಎರಡನೇ ಫಾಸ್ಫೋಟೈರೋಸಿನ್ ಕೂರುವ ಜಾಗ ಸಿಕ್ಕ ಮೇಲೆ ಎರಡೂ ಕಡೆ ಕೈಚಾಚುವ ಅಣುಗಳು ಬಂದವು, ಹಿಡಿತ ಬಹಳ ಬಿಗಿಯಾಯಿತು. ಡೈಫ್ಲೋರೋಮಿಥೈಲ್ ಫಾಸ್ಫೋನೇಟ್ ಗುಂಪು ಅದಕ್ಕೆ ಇಂದಿಗೂ ಉತ್ತಮ ಕೊಕ್ಕೆ. ಆದರೆ ಎರಡೆರಡು ಋಣ ವಿದ್ಯುದಂಶ ಹೊತ್ತ ಅಣು ಕೋಶದ ಪೊರೆ ದಾಟುವುದಿಲ್ಲ. ತಟ್ಟೆಯಲ್ಲಿ ನ್ಯಾನೋಮೋಲಾರ್, ಕೋಶದಲ್ಲಿ ಸೊನ್ನೆ ಎಂಬ ಫಲಿತಾಂಶಕ್ಕೆ ಇದೇ ಕಾರಣ. ಫಾಸ್ಫೋನೇಟನ್ನು ಎಸ್ಟರ್ ಮಾಡಿ ಮುಚ್ಚಿ ಕಳಿಸಿ, ಒಳಗಿನ ಎಸ್ಟರೇಸ್ ಬಿಚ್ಚಲಿ ಎಂದು ಕಾಯಬೇಕಾಗುತ್ತದೆ.

ಬಲೆ

ಇನ್‌ಹಿಬಿಟರ್ ಕೈಗೆ ಬರುವವರೆಗೆ ಕಿಣ್ವ ಕೋಶದಲ್ಲಿ ಯಾರನ್ನು ಮುಟ್ಟುತ್ತದೆ ಎಂದು ತಿಳಿಯಲು ಕಿಣ್ವವನ್ನೇ ಉಪಕರಣ ಮಾಡಿಕೊಳ್ಳಬಹುದು. ಆಸ್ಪಾರ್ಟಿಕ್ ಆಮ್ಲ 181 ಹೊರಡುವ ಟೈರೋಸಿನ್‌ಗೆ ಪ್ರೋಟಾನ್ ಕೊಡುವ ಕೈ. ಅದನ್ನು ಅಲನಿನ್ ಮಾಡಿದರೆ ತಿರುಗುವ ವೇಗ ಲಕ್ಷದಲ್ಲೊಂದು ಪಾಲಿಗೆ ಇಳಿಯುತ್ತದೆ, ಹಿಡಿತ ಮಾತ್ರ ಹಾಗೇ ಉಳಿಯುತ್ತದೆ. ಹಿಡಿದದ್ದನ್ನು ಬಿಡಲಾರದ ಕಿಣ್ವ. ಇದನ್ನು 1997ರಲ್ಲಿ ತೋರಿಸಿದವರೂ ಟಾಂಕ್ಸ್ ಅವರ ಬಳಗವೇ. ಸಿಸ್ಟೀನ್ 215ನ್ನು ಸೆರಿನ್ ಮಾಡಿಯೂ ಹಿಡಿಯಬಹುದು, ಆದರೆ ಡಿ181ಎ ಹಿಡಿತ ಗಟ್ಟಿ.

ಜಿಎಸ್‌ಟಿ (ಗ್ಲುಟಾಥಯೋನಿಗೆ ಅಂಟುವ ಪ್ರೋಟೀನ್) ಜೊತೆ ಬೆಸೆದ ಡಿ181ಎ, ಸುಮಾರು 63 ಕಿಲೋಡಾಲ್ಟನ್, ಗ್ಲುಟಾಥಯೋನ್ ಸೆಫರೋಸ್ ಮೇಲೆ. ಎ431 ಕೋಶಗಳನ್ನು ಸೀರಮ್ ಇಲ್ಲದೆ ಹದಿನಾರು ಗಂಟೆ ಇಟ್ಟು, ಇಜಿಎಫ್ (ಬೆಳೆಯುವಂತೆ ಕೋಶಕ್ಕೆ ಸಂಕೇತ ಕೊಡುವ ಪ್ರೋಟೀನ್) ಮಿಲಿಲೀಟರಿಗೆ 100 ನ್ಯಾನೋಗ್ರಾಂ, ಐದು ನಿಮಿಷ. ಫಾಸ್ಫೋಟೈರೋಸಿನ್ ಹೆಚ್ಚು ಬೇಕಿದ್ದರೆ ಪರ್‌ವನಾಡೇಟ್: 100 ಮಿಲಿಮೋಲಾರ್ ವನಾಡೇಟ್ 100 ಮೈಕ್ರೋಲೀಟರಿಗೆ, 30% ಹೈಡ್ರೋಜನ್ ಪೆರಾಕ್ಸೈಡನ್ನು ಹತ್ತು ಪಟ್ಟು ತೆಳು ಮಾಡಿ ಅದರಿಂದ 10 ಮೈಕ್ರೋಲೀಟರ್. ಹದಿನೈದು ನಿಮಿಷ ಬಿಟ್ಟು, ಚಿಟಿಕೆ ಕ್ಯಾಟಲೇಸ್ ಹಾಕಿ ಉಳಿದ ಪೆರಾಕ್ಸೈಡ್ ತೆಗೆದು, ಗಂಟೆಯೊಳಗೆ ಬಳಸಿ. ಹತ್ತು ಮಿಲಿಲೀಟರ್ ಮಾಧ್ಯಮಕ್ಕೆ 10 ಮೈಕ್ರೋಲೀಟರ್, ಇಪ್ಪತ್ತು ನಿಮಿಷ.

ಮುಂದಿನ ಹೆಜ್ಜೆಯಲ್ಲಿ ರಸಾಯನಶಾಸ್ತ್ರ ಒಂದಕ್ಕೊಂದು ಎದುರಾಗುತ್ತದೆ, ಇಲ್ಲಿ ನಿಧಾನ ಬೇಕು. ಕೋಶ ಒಡೆದ ಕ್ಷಣದಿಂದ ಅದರ ಸ್ವಂತ ಫಾಸ್ಫಟೇಸ್‌ಗಳು ನಿಮ್ಮ ಬೇಟೆಯನ್ನು ತಿನ್ನತೊಡಗುತ್ತವೆ. ಅವನ್ನು ತಡೆಯಲು ವನಾಡೇಟ್ ಹಾಕಿದರೆ ಅದು ನಿಮ್ಮ ಬಲೆಯ ಗುಳಿಯಲ್ಲೂ ಕೂತು ಬಲೆಯನ್ನೇ ಮುಚ್ಚುತ್ತದೆ. ಅದಕ್ಕಾಗಿ ಅಯೋಡೋಅಸಿಟಿಕ್ ಆಮ್ಲ: ಸಿಸ್ಟೀನಿಗೆ ಶಾಶ್ವತವಾಗಿ ಅಂಟುತ್ತದೆ. ಒಡೆಯುವ ಬಫರ್: ಟ್ರಿಸ್ 20 ಮಿಲಿಮೋಲಾರ್ ಪಿಹೆಚ್ 7.5, ಉಪ್ಪು 100, ಟ್ರೈಟಾನ್ 1%, ಗ್ಲಿಸರಾಲ್ 10%, ಇಡಿಟಿಎ 5, ಪ್ರೋಟಿಯೇಸ್ ಇನ್‌ಹಿಬಿಟರ್, ಆಗಷ್ಟೇ ಕರಗಿಸಿ ಬೆಳಕಿನಿಂದ ಮುಚ್ಚಿಟ್ಟ ಅಯೋಡೋಅಸಿಟಿಕ್ ಆಮ್ಲ 5 ಮಿಲಿಮೋಲಾರ್. ಅದನ್ನು ಹಾಕಿದ ಮೇಲೆ ಪಿಹೆಚ್ ಮತ್ತೆ ಸರಿಪಡಿಸಿ, ಹೆಸರೇ ಹೇಳುವಂತೆ ಅದು ಆಮ್ಲ. ಡಿಟಿಟಿ ಬೇಡ. ನಾಲ್ಕು ಡಿಗ್ರಿಯಲ್ಲಿ ಅರ್ಧ ಗಂಟೆ ತಿರುಗಿಸಿ, ಆಮೇಲೆ ಡಿಟಿಟಿ 10 ಮಿಲಿಮೋಲಾರ್ ಹಾಕಿ ಹದಿನೈದು ನಿಮಿಷ. ಉಳಿದ ಅಯೋಡೋಅಸಿಟಿಕ್ ಆಮ್ಲವನ್ನು ಅದು ಮುಗಿಸುತ್ತದೆ. ಈ ಹದಿನೈದು ನಿಮಿಷ ಬಿಟ್ಟರೆ ಬಲೆಯ ಸಿಸ್ಟೀನೂ ಮುಚ್ಚಿಹೋಗುತ್ತದೆ, ಜೆಲ್ ಖಾಲಿ ಬರುತ್ತದೆ.

ಆಮೇಲೆ ಡಿಸಾಲ್ಟಿಂಗ್ ಕಾಲಮ್, ತಪ್ಪದೆ. ಏಕೆಂದರೆ ಮುಂದೆ ಮಾಡಬೇಕಾದ ಮುಖ್ಯ ಕಂಟ್ರೋಲ್‌ನಲ್ಲಿ ವನಾಡೇಟ್ ಬೇಕು, ಮತ್ತು ಲೈಸೇಟಿನಲ್ಲಿರುವ ಇಡಿಟಿಎ, ಡಿಟಿಟಿ ಎರಡೂ ಅದನ್ನು ಕೊಲ್ಲುತ್ತವೆ. ಇಡಿಟಿಎ ಇಲ್ಲದ, ಡಿಟಿಟಿ 1 ಮಿಲಿಮೋಲಾರ್ ಮಾತ್ರ ಇರುವ ಬಫರಿಗೆ ಬದಲಿಸಿ. ಒಂದು ಮಿಲಿಗ್ರಾಂ ಲೈಸೇಟಿಗೆ 5ರಿಂದ 10 ಮೈಕ್ರೋಗ್ರಾಂ ಬಲೆ, ಎರಡು ಗಂಟೆ, ನಾಲ್ಕು ಡಿಗ್ರಿ. ಜೊತೆಗೆ ಮೂರು ನಳಿಕೆ: ಬರೀ ಜಿಎಸ್‌ಟಿ, ಜಿಎಸ್‌ಟಿ ಜೊತೆ ಮೂಲ ಪಿಟಿಪಿ1ಬಿ, ಮತ್ತು ಡಿ181ಎ ಜೊತೆ ಮೊದಲೇ ಬೆರೆಸಿಟ್ಟ 5 ಮಿಲಿಮೋಲಾರ್ ವನಾಡೇಟ್. ನಾಲ್ಕು ಬಾರಿ ತೊಳೆದು ಸ್ಯಾಂಪಲ್ ಬಫರಿನಲ್ಲಿ ಕುದಿಸಿ ಜೆಲ್ ಓಡಿಸಿ.

ಬ್ಲಾಟಿಗೆ ಫಾಸ್ಫೋಟೈರೋಸಿನ್ ಗುರುತಿಸುವ 4ಜಿ10 ಆಂಟಿಬಾಡಿ. ಪೊರೆಯನ್ನು ಹಾಲಿನ ಪುಡಿಯಿಂದ ಮುಚ್ಚಬೇಡಿ, ಕೇಸೀನ್ ಫಾಸ್ಫೇಟ್ ಹೊತ್ತ ಪ್ರೋಟೀನ್, ಹಿನ್ನೆಲೆ ಕಪ್ಪಾಗುತ್ತದೆ. ಬಿಎಸ್‌ಎ 3% ಸಾಕು. ಮೊದಲು ಪಾನ್ಸೋ ಬಳಿದು 63ರ ಹತ್ತಿರ ಬಲೆ ಎಲ್ಲ ಸಾಲುಗಳಲ್ಲೂ ಸಮನಾಗಿದೆಯೇ ನೋಡಿ. ಆಮೇಲೆ 170ರಿಂದ 175ರ ಬಳಿ ಇಜಿಎಫ್ ರಿಸೆಪ್ಟರಿನ ಪಟ್ಟಿ ಡಿ181ಎ ಸಾಲಿನಲ್ಲಿ ಗಾಢವಾಗಿ ಕಾಣಬೇಕು, ವನಾಡೇಟ್ ಸಾಲಿನಲ್ಲಿ ಅಳಿಯಬೇಕು. ವನಾಡೇಟ್ ಇದ್ದರೂ ಉಳಿದ ಪಟ್ಟಿ ಗುಳಿಯ ಮೂಲಕ ಹಿಡಿದದ್ದಲ್ಲ, ಪ್ರೋಟೀನಿನ ಬೇರೆಲ್ಲೋ ಅಂಟಿದ್ದು. ಅದನ್ನು ಗುರಿಗಳ ಪಟ್ಟಿಗೆ ಸೇರಿಸಬೇಡಿ.

ಕೋಶದಲ್ಲಿ ಸಂಯುಕ್ತ

1999ರಲ್ಲಿ ಪಿಟಿಪಿ1ಬಿ ಇಲ್ಲದ ಇಲಿಗಳಲ್ಲಿ ಇನ್ಸುಲಿನ್ ಹೆಚ್ಚು ಚುರುಕಾಗಿ ಕೆಲಸ ಮಾಡುತ್ತದೆ, ಕೊಬ್ಬಿನ ಆಹಾರ ಕೊಟ್ಟರೂ ಅವು ಬೊಜ್ಜು ಬೆಳೆಸಿಕೊಳ್ಳುವುದಿಲ್ಲ ಎಂದು ಕಂಡುಬಂತು. ಆದ್ದರಿಂದ ಕೋಶದ ಪರೀಕ್ಷೆಗೆ ಇನ್ಸುಲಿನ್ ರಿಸೆಪ್ಟರ್ ಸಹಜವಾದ ಗುರಿ: ಯಕೃತ್ತಿನ ಹೆಪ್‌ಜಿ2 ಕೋಶ, ಸೀರಮ್ ಇಲ್ಲದೆ ಒಂದು ರಾತ್ರಿ, ಸಂಯುಕ್ತ ಎರಡು ಗಂಟೆ, ಇನ್ಸುಲಿನ್ 10 ನ್ಯಾನೋಮೋಲಾರ್ ಐದು ನಿಮಿಷ, ಆಮೇಲೆ 95 ಕಿಲೋಡಾಲ್ಟನ್ ಬೀಟಾ ಸರಪಳಿಯ ಟೈರೋಸಿನ್ 1162/1163 ಮತ್ತು ಅದೇ ಸಂಕೇತದ ಮುಂದಿನ ಕೊಂಡಿಯಾದ ಎಕೆಟಿಯ ಸೆರಿನ್ 473, ಇವುಗಳ ಮೇಲಿನ ಫಾಸ್ಫೇಟನ್ನು ಬ್ಲಾಟಿನಲ್ಲಿ ನೋಡಿ.

ಪಟ್ಟಿ ಗಾಢವಾಯಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಕೋಶದೊಳಗೆ ಪೆರಾಕ್ಸೈಡ್ ಹುಟ್ಟಿಸುವ ಯಾವ ಸಂಯುಕ್ತವೂ ಎಲ್ಲ ಪಿಟಿಪಿಗಳ ಸಿಸ್ಟೀನನ್ನು ಸುಟ್ಟು ಇದೇ ಚಿತ್ರ ಕೊಡುತ್ತದೆ. ಎನ್-ಅಸಿಟೈಲ್ ಸಿಸ್ಟೀನ್ 5 ಮಿಲಿಮೋಲಾರ್ ಒಂದು ಗಂಟೆ ಮುಂಚೆ ಹಾಕಿದ ತಟ್ಟೆ ಪಕ್ಕದಲ್ಲಿರಲಿ. ಅದರ ಜೊತೆಗೆ ಪಿಟಿಪಿಎನ್1 (ಪಿಟಿಪಿ1ಬಿಯ) ಜೀನ್ ತೆಗೆದ ಅದೇ ಕೋಶ ಬೇಕೇ ಬೇಕು: ಅಲ್ಲಿ ಸಂಯುಕ್ತವಿಲ್ಲದೆಯೇ ರಿಸೆಪ್ಟರಿನ ಪಟ್ಟಿ ಏರಿರುತ್ತದೆ, ಸಂಯುಕ್ತ ಹಾಕಿದಾಗ ಅದು ಮತ್ತೆ ಏರಬಾರದು. ಏರಿದರೆ ಮೊದಲು ಟಿಸಿಪಿಟಿಪಿಯ ಐಸಿ50ಯನ್ನು ಮತ್ತೊಮ್ಮೆ ಅಳೆಯಿರಿ, ಈ ಬಾರಿ ಕ್ಯಾಟಲೇಸ್ ಜೊತೆಯಲ್ಲಿ.